ಮುಟ್ಟದ ಬಂದೂಕಿಗೆ ಸ್ಕೋಪ್ ಕೂರಿಸಿದ ಕಥೆ

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ವರ್ಷಗಟ್ಟಲೆ ಒಂದು ವಸ್ತುವಿಗೆ ಬಿಡಿಭಾಗ ಮಾಡುತ್ತೀರಿ, ಅದರ ಒಂದೊಂದು ಅಳತೆಯೂ ಬಾಯಿಪಾಠ, ಆದರೆ ಆ ವಸ್ತುವನ್ನು ಒಂದೇ ಒಂದು ಸಲವೂ ಕೈಯಲ್ಲಿ ಹಿಡಿದು ಬಳಸಿಲ್ಲ? ನನಗಾಗಿದೆ. ಒಂಬತ್ತು ವರ್ಷ ಜಪಾನಿನ ಒಂದು ಬಂದೂಕಿನ ಅಂಗಡಿಯ ವರ್ಕ್‌ಶಾಪಿನಲ್ಲಿ ದುಡಿದೆ. ಒಂದು ಗುಂಡೂ ಹಾರಿಸಿಲ್ಲ. ಹಾರಿಸುವುದಿರಲಿ, ಬಂದೂಕನ್ನು ಎರಡು ಕೈಯಲ್ಲಿ ಎತ್ತಿ ಹಿಡಿದದ್ದೂ ಒಂದೇ ಸಲ. ಅದೂ ಕೆಲಸದ ಕೊನೆಯ ವರ್ಷದಲ್ಲಿ.

ಈಗ ಕೆಲಸ ಬಿಟ್ಟು, ಜಪಾನಿನಲ್ಲೇ, ಮನೆಯಲ್ಲಿದ್ದೇನೆ. ವಯಸ್ಸು ಐವತ್ನಾಲ್ಕು. ಯಜಮಾನರು ಅಂಗಡಿ ಮುಚ್ಚಿದರು, ನನ್ನ ಕಣ್ಣೂ ಮೈಕ್ರೊಮೀಟರಿನ ಗೆರೆಗಳನ್ನು ಎರಡೆರಡಾಗಿ ತೋರಿಸತೊಡಗಿತ್ತು, ಸಾಕು ಅನ್ನಿಸಿತು. ನಾನು ಲೇತಿನ ಫೋಟೋ ಹಾಕಿದಾಗಲೆಲ್ಲ ಪಾಲಿಟೆಕ್ನಿಕ್ ಮುಗಿಸಿದ ಹುಡುಗ ಹುಡುಗಿಯರು ಇನ್‌ಬಾಕ್ಸಿಗೆ ಬರುತ್ತಾರೆ. "ಸಾರ್, ಜಪಾನ್‌ನಲ್ಲಿ ಟೂಲ್ ರೂಮ್ ಕೆಲಸ ಹೇಗಿರುತ್ತೆ? ಟೆನ್ಷನ್ ಜಾಸ್ತೀನಾ?" ಅಂತ. ಒಬ್ಬೊಬ್ಬರಿಗೆ ಉತ್ತರ ಬರೆದು ಬೆರಳು ಸವೆಯಿತು. ಎಲ್ಲರಿಗೂ ಸೇರಿಸಿ ಇಲ್ಲೇ ಹೇಳಿಬಿಡುತ್ತೇನೆ. ಸಂಬಳ, ವೀಸಾ ಇವೆಲ್ಲ ಬೇರೆ ಯಾರಾದರೂ ಹೇಳುತ್ತಾರೆ. ನಾನು ನನ್ನ ತಪ್ಪು ಹೇಳುತ್ತೇನೆ. ಅದರಿಂದಲೇ ನಿಮಗೆ ಉಪಯೋಗ.

ನಾನು ಪೀಣ್ಯದಲ್ಲಿ ಪಳಗಿದವನು. ಅಲ್ಲಿಂದ ನಗೋಯಾ ಹತ್ತಿರದ ಡೈ, ಅಂದರೆ ಲೋಹದ ಅಚ್ಚು, ಮಾಡುವ ಒಂದು ಕಾರ್ಖಾನೆಗೆ ಬಂದೆ. ಕಾರಿನ ಬಾಗಿಲಿನ ಒಂದು ಬ್ರ್ಯಾಕೆಟ್ಟು, ಅದಕ್ಕೊಂದು ಡೈ, ಮತ್ತೆ ಅದೇ ಬ್ರ್ಯಾಕೆಟ್ಟು, ಮತ್ತೆ ಅದೇ ಡೈ. ಹುಚ್ಚು ಹಿಡಿಯುವುದೊಂದು ಬಾಕಿ. ಅಷ್ಟರಲ್ಲಿ ಗಿಫು ಕಡೆಯ ಬೆಟ್ಟದ ಬುಡದ ಸಣ್ಣ ಊರಿಂದ ಹೊರಿಯೆ-ಸಾನ್ ಅನ್ನುವವರು ಬಂದರು. ಕುಳ್ಳಗೆ, ಹುಬ್ಬು ಮಾತ್ರ ಎರಡು ಆಳಿಗಾಗುವಷ್ಟು. ಬೇಟೆ ಬಂದೂಕುಗಳ ಮಾರಾಟ, ರಿಪೇರಿ ಎರಡಕ್ಕೂ ಲೈಸೆನ್ಸ್ ಇದ್ದ ಅಂಗಡಿ ಅವರದು. ಅವರ ಹಳೆಯ ಲೇತ್ ಕೆಲಸಗಾರ ನಿವೃತ್ತನಾಗಿದ್ದ. ನಮ್ಮ ಮೇಸ್ತ್ರಿ ಅವರ ಗೆಳೆಯ. ನನ್ನನ್ನು ತೋರಿಸಿ, "ಇವನು ಒಂದೇ ಪೀಸ್ ಮಾಡೋ ಕೆಲಸಕ್ಕೆ ಹುಟ್ಟಿದವನು, ಇಲ್ಲಿ ಕೊಳೀತಿದಾನೆ" ಅಂದ. ಮುಂದಿನ ತಿಂಗಳು ನಾನು, ನನ್ನ ಹೆಂಡತಿ ಶೈಲಾ, ನಮ್ಮ ಕುಕ್ಕರು ಮೂರೂ ಗಿಫುವಿನಲ್ಲಿ.

ಮೊದಲ ದಿನವೇ ಹೊರಿಯೆ-ಸಾನ್ ನೆಲದ ಮೇಲೆ ಹಳದಿ ಟೇಪಿನ ಗೆರೆ ತೋರಿಸಿದರು. "ಸತೀಶ್-ಕುನ್, ಲೈಸೆನ್ಸ್ ನನ್ನದು. ನಿನ್ನದಲ್ಲ. ಗೆರೆಯಿಂದ ಆಚೆ ಬಂದೂಕು. ಈಚೆ ನೀನು. ಗೆರೆ ದಾಟಿ ಈಚೆ ಬರೋದು ಬಿಡಿಭಾಗ ಮಾತ್ರ." ಇಲ್ಲಿ ಹೆಸರಿನ ಜೊತೆ ಗೌರವಕ್ಕೆ ಸಾನ್, ಕಿರಿಯರಿಗೆ ಕುನ್ ಸೇರಿಸುತ್ತಾರೆ, ನನಗೆ ನಲವತ್ತಾರು ದಾಟಿದಾಗಲೂ ನಾನು ಕುನ್ನೇ. ಜಪಾನಿನಲ್ಲಿ ಬಂದೂಕಿನ ಕಾನೂನು ಅಂದರೆ ಆಟವಲ್ಲ. ಒಂದೊಂದು ಬಂದೂಕಿಗೆ ಒಬ್ಬೊಬ್ಬ ಒಡೆಯ, ಒಂದೊಂದು ಪರವಾನಗಿ. ಅಪ್ಪನ ಬಂದೂಕನ್ನು ಮಗ ಮುಟ್ಟುವ ಹಾಗಿಲ್ಲ. ಅಳತೆ ತೆಗೆಯಬೇಕಾದರೆ ಹೊರಿಯೆ-ಸಾನ್ ಬಂದೂಕನ್ನು ವೈಸ್ ಅನ್ನುವ ಮೇಜಿನ ಇಕ್ಕಳಕ್ಕೆ ಕಟ್ಟಿ ಪಕ್ಕದಲ್ಲೇ ನಿಲ್ಲುತ್ತಿದ್ದರು. ನಾನು ಕೈ ಬೆನ್ನಿಗಿಟ್ಟು, ಬಗ್ಗಿ, ಕ್ಯಾಲಿಪರಿನ ತುದಿ ಮಾತ್ರ ತಾಗಿಸುತ್ತಿದ್ದೆ. ಮಡಿಯಲ್ಲಿರುವ ಅಜ್ಜಿಯ ಹತ್ತಿರ ಪಂಚಪಾತ್ರೆ ತೆಗೆದುಕೊಳ್ಳುವ ಹಾಗೆ.

ಆ ಅಂಗಡಿಯಲ್ಲಿ ಎರಡು ವಿಷಯ ನನಗೆ ಬಹಳ ಹಿಡಿಸಿದವು. ಒಂದು, ಲೇತಿನ ಮೇಲಿನ ಗೋಡೆಗೆ ಹೊಡೆದಿದ್ದ ಮೊಳೆಗಳ ಸಾಲು. ತಪ್ಪಾಗಿ ಮಾಡಿದ ಪೀಸನ್ನು ಬಿಸಾಡುವ ಹಾಗಿಲ್ಲ. ದಾರ ಕಟ್ಟಿ, ಏನು ತಪ್ಪು ಅಂತ ಒಂದೇ ಸಾಲು ಚೀಟಿಯಲ್ಲಿ ಬರೆದು ಮೊಳೆಗೆ ನೇತು ಹಾಕಬೇಕು. ಯಜಮಾನರ ಇಪ್ಪತ್ತನೇ ವಯಸ್ಸಿನ ತಪ್ಪೂ ಅಲ್ಲಿ ತುಕ್ಕು ಹಿಡಿದು ನೇತಾಡುತ್ತಿತ್ತು. ಬೈಗುಳವಿಲ್ಲ, ಮೀಟಿಂಗಿಲ್ಲ. ದಿನಾ ಬೆಳಿಗ್ಗೆ ನಿಮ್ಮ ತಪ್ಪು ನಿಮ್ಮ ತಲೆಯ ಮೇಲೆ ಗಾಳಿಗೆ ಟಿಂಗ್ ಅನ್ನುತ್ತದೆ, ಅಷ್ಟೇ.

ಇನ್ನೊಂದು, ಕತ್ತರಿಸುವ ಕೆಲಸ. ಪರವಾನಗಿ ಮುಗಿದ, ಒಡೆಯ ತೀರಿಕೊಂಡ ಬಂದೂಕುಗಳು ನಾಶವಾಗಲು ನಮ್ಮಲ್ಲಿಗೆ ಬರುತ್ತಿದ್ದವು. ಮೊದಲ ಕಡಿತ ಹೊರಿಯೆ-ಸಾನ್‌ರದ್ದೇ. ನಳಿಗೆಯ ಬುಡಕ್ಕೆ ಗರಗಸ ಇಡುವ ಮೊದಲು ಬಂದೂಕಿಗೆ ತಲೆ ಬಾಗಿಸಿ "ಇಷ್ಟು ದಿನ ದುಡಿದೆ" ಅನ್ನುತ್ತಿದ್ದರು. ಎರಡನೆಯ ಕಡಿತವೂ ಅವರದ್ದೇ. ಆಮೇಲೆ ಅದು ಬಂದೂಕಲ್ಲ, ಕಬ್ಬಿಣ. ಕಬ್ಬಿಣ ಗೆರೆ ದಾಟಿ ನನ್ನ ಹತ್ತಿರ ಬರಬಹುದು. ನಾನದನ್ನು ತುಂಡು ತುಂಡು ಮಾಡುತ್ತಿದ್ದೆ. ನನ್ನ ಮತ್ತು ಬಂದೂಕುಗಳ ಸಂಬಂಧ ಇಷ್ಟೇ: ಅವು ಸತ್ತ ಮೇಲೆ ನನ್ನ ಕೈಗೆ.

ಈಗ ತಾನಿಗುಚಿ-ಸಾನ್ ಬರುತ್ತಾರೆ, ಜಾಗ ಬಿಡಿ.

ಕೊರೋನಾದ ಮೊದಲ ವಸಂತ. ತುರ್ತು ಪರಿಸ್ಥಿತಿ ಅಂತ ಘೋಷಣೆಯಾಗಿತ್ತು. ಅಂಗಡಿಯ ಬಾಗಿಲಿಗೆ ಪಾರದರ್ಶಕ ಪ್ಲಾಸ್ಟಿಕ್ ಪರದೆ ಇಳಿಬಿಟ್ಟಿದ್ದೆವು, ಕೊಂಬಿನಿ ಅನ್ನುವ ಹಗಲೂ ರಾತ್ರಿಯ ಅಂಗಡಿಗಳ ಕೌಂಟರಿನಲ್ಲಿ ಇರುತ್ತಿತ್ತಲ್ಲ, ಹಾಗೆ. ಹೊರಿಯೆ-ಸಾನ್‌ಗೆ ಎಪ್ಪತ್ತೆರಡು, ಮೇಲಿಂದ ಸಕ್ಕರೆ ಕಾಯಿಲೆ. ಗಿರಾಕಿ ಬಂದರೆ ಅವರು ಹಿಂದಿನ ಕೋಣೆಯಿಂದಲೇ ಕೂಗಿ ಮಾತಾಡುತ್ತಿದ್ದರು. ಒಂದು ಬೆಳಿಗ್ಗೆ ಪರದೆಯ ಆಚೆ ಒಂದು ಉದ್ದನೆಯ ಚೀಲ, ಅದರ ಪಕ್ಕ ಒಬ್ಬರು ಉದ್ದನೆಯ ಮುದುಕರು. ಎಪ್ಪತ್ತೆಂಟು ವರ್ಷ, ಬೆಟ್ಟದ ಮೇಲಿನ ಹಳ್ಳಿಯವರು.

"ಒಬಾಆಸಾನ್‌ನ ಕರ್ಕೊಂಡ್ ಬಂದಿದೀನಿ," ಅಂದರು. ಒಬಾಆಸಾನ್ ಅಂದರೆ ಅಜ್ಜಿ. ನಾನು ಅವರ ಬೆನ್ನ ಹಿಂದೆ ಅಜ್ಜಿಯನ್ನು ಹುಡುಕಿದೆ. ಅವರು ಚೀಲ ತೋರಿಸಿದರು.

ಅಜ್ಜಿ ಅಂದರೆ ಬಂದೂಕು. ಯುರೋಪಿನ ಯಾವುದೋ ಸೈನ್ಯಕ್ಕೆಂದು ತಯಾರಾಗಿ, ಯುದ್ಧ ಮುಗಿದ ಮೇಲೆ ಸೈನ್ಯದವರು ಬೇಡವೆಂದು ಮಾರಿದ್ದು. ಬೇಟೆಗೆ ತಕ್ಕಂತೆ ಅದರ ಮರದ ಭಾಗ ಕೆತ್ತಿ ಹಗುರ ಮಾಡಿ ಜಪಾನಿಗೆ ಬಂತು. ತಾನಿಗುಚಿ-ಸಾನ್ ಅದನ್ನು ಯೌವನದಲ್ಲಿ ಕೊಂಡಿದ್ದರು. ಮರದ ಮೇಲೆ ಸೈನ್ಯದ ಮುದ್ರೆ ಸವೆದು ಹಳೆಯ ಹಚ್ಚೆಯ ಹಾಗೆ ಕಾಣುತ್ತಿತ್ತು. ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್, ಇರಲಿಲ್ಲ. ತುದಿಯಲ್ಲೊಂದು ಕಬ್ಬಿಣದ ಮೊನೆ, ಹಿಂದೊಂದು ಕಚ್ಚು, ಎರಡನ್ನೂ ಕಣ್ಣಲ್ಲಿ ಒಂದೇ ಗೆರೆಗೆ ತಂದು ಗುರಿ ಇಡುವುದು. ಟ್ರಿಗರ್ ಕೂಡ ಸಿಪಾಯಿಗಳಿಗೆಂದು ಮಾಡಿದ್ದು. ಉದ್ದಕ್ಕೆ ಎಳೆಯಬೇಕು, ಬಾವಿಯಿಂದ ಕೊಡ ಸೇದಿದ ಹಾಗೆ.

ಸಮಸ್ಯೆ ಏನೆಂದರೆ ಅವರ ಪರವಾನಗಿ ನವೀಕರಣಕ್ಕೆ ಬಂದಿತ್ತು. ಅದಕ್ಕೆ ಗುರಿಯ ಪರೀಕ್ಷೆ ಪಾಸಾಗಬೇಕು. ಮುದುಕರಿಗೆ ಕಬ್ಬಿಣದ ಮೊನೆ ಮಸುಕು ಕಾಣುತ್ತಿತ್ತು, ತೋರುಬೆರಳಿನ ಗೆಣ್ಣು ಊದಿ ಮಡಚುವುದೇ ಕಷ್ಟವಾಗಿತ್ತು. ಫೇಲಾದರೆ ಪರವಾನಗಿ ಹೋಗುತ್ತದೆ. ಪರವಾನಗಿ ಹೋದರೆ ಅಜ್ಜಿ ನಮ್ಮ ಗರಗಸಕ್ಕೆ. ಅವರ ಹಳ್ಳಿಯಲ್ಲಿ ರೈಫಲ್ ಇದ್ದವರು ಅವರೊಬ್ಬರೇ ಉಳಿದಿದ್ದರು. ಹಂದಿಗಳು ಗದ್ದೆಯ ಬದು ಕೆತ್ತಿ, ಗೆಣಸಿನ ಸಾಲು ಸಾಲೇ ಮಗುಚಿ ಹಾಕುತ್ತಿದ್ದವು.

"ಹೊಸ ರೈಫಲ್ ತಗೊಳ್ಳಿ," ಒಳಗಿಂದ ಹೊರಿಯೆ-ಸಾನ್ ಕೂಗಿದರು.

"ಹೊಸದಕ್ಕೆ ಹೊಸ ಪರವಾನಗಿ, ಹೊಸ ವಿಚಾರಣೆ. ಪೊಲೀಸ್ನೋರು ನಮ್ಮ ಬೀದಿಯೋರನ್ನೆಲ್ಲ ಕೇಳ್ಕೊಂಡ್ ಬರೋ ಹೊತ್ತಿಗೆ ಹಂದಿಗಳು ಮೊಮ್ಮಕ್ಕಳ್ನ ಕಂಡಿರ್ತವೆ. ಅಲ್ಲದೆ ಎಪ್ಪತ್ತೆಂಟಕ್ಕೆ ಇನ್ನೊಂದು ಮದುವೆ ಯಾಕೆ? ಇವಳಿಗೇ ಒಂದು ಕನ್ನಡಕ ಹಾಕಿ, ಟ್ರಿಗರ್ ಹಗುರ ಮಾಡಿ ಕೊಡಿ."

ನಾನು ಕುಣಿದಾಡಿಬಿಟ್ಟೆ. ಆ ಹಳೆಯ ಬಂದೂಕಿಗೆ ಸ್ಕೋಪ್ ಕೂರಿಸುವ ಮೌಂಟು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಅಂದರೆ ಒಂದೇ ಪೀಸು, ನಾನೇ ಅಳೆದು, ನಾನೇ ಡ್ರಾಯಿಂಗ್ ಮಾಡಿ, ನಾನೇ ಕಡೆಯಬೇಕು. ಬ್ರ್ಯಾಕೆಟ್ಟಿನ ನರಕದಿಂದ ಬಂದವನಿಗೆ ಇದಕ್ಕಿಂತ ಹಬ್ಬ ಬೇಕಾ?

ಮುದುಕರು ಚೀಲ ಕೊಟ್ಟು ಹೋದರು. ಇನ್ನೊಂದು ಸಣ್ಣ ಚೀಲವನ್ನೂ ಕೊಟ್ಟಿದ್ದರು. ಅದರಲ್ಲಿ ಬೋಲ್ಟ್ ಇತ್ತು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಇಂಥ ರೈಫಲಿನ ಮೇಲ್ಭಾಗದಲ್ಲಿ ಒಂದು ಉಕ್ಕಿನ ಸರಳಿರುತ್ತದೆ, ಅದಕ್ಕೊಂದು ಹಿಡಿ. ಆ ಹಿಡಿಯನ್ನು ಮೇಲಕ್ಕೆತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿದರೆ ಗುಂಡು ಒಳಗೆ ಕೂರುತ್ತದೆ. ಅದೇ ಬೋಲ್ಟ್. ಇಲ್ಲಿನ ಬೇಟೆಗಾರರು ಕಳ್ಳತನದ ಭಯಕ್ಕೆ ಬೋಲ್ಟನ್ನು ಬಿಚ್ಚಿ ಬೇರೆ ಕಡೆ ಇಡುತ್ತಾರೆ, ಬೇರೆ ಚೀಲದಲ್ಲಿ ತರುತ್ತಾರೆ. ಹೊರಿಯೆ-ಸಾನ್ ಬಂದೂಕನ್ನು ಒಂದು ಕಪಾಟಿಗೆ, ಬೋಲ್ಟನ್ನು ಇನ್ನೊಂದು ಕಪಾಟಿಗೆ ಹಾಕಿ ಬೀಗ ಜಡಿದರು.

ನಾನು ಮಾರನೆಯ ದಿನ ಅಳತೆ ತೆಗೆದೆ. ವೈಸಿನಲ್ಲಿ ಬಂದೂಕು, ಮೂರು ಮಾರು ದೂರದಲ್ಲಿ ಮಾಸ್ಕ್ ಹಾಕಿಕೊಂಡು ನಿಂತ ಹೊರಿಯೆ-ಸಾನ್. "ಆದಷ್ಟು ತಗ್ಗಿಸಿ ಕೂರಿಸು. ಅಜ್ಜನ ಕತ್ತು ಎತ್ತೋಕಾಗಲ್ಲ," ಅಂದರು. ಡ್ರಾಯಿಂಗನ್ನು ಫೋನಿನಲ್ಲಿ ಕಳಿಸಿದೆ, ಪಕ್ಕದ ಕೋಣೆಯಿಂದಲೇ ಒಪ್ಪಿಗೆ ಕೊಟ್ಟರು. ಎರಡು ವಾರ ಕೂತು ಆ ಮೌಂಟು ಕಡೆದೆ. ಇಷ್ಟು ಚಂದದ ಕೆಲಸ ನಾನು ಜನ್ಮದಲ್ಲಿ ಮಾಡಿರಲಿಲ್ಲ. ಬಂದೂಕಿನ ಬೆನ್ನಿನ ಬಾಗಿಗೆ ಬೆಳಕೂ ನುಸುಳದ ಹಾಗೆ ಕೂತಿತು. ಸ್ಕೋಪ್ ಅದರ ಮೇಲೆ ತಗ್ಗಾಗಿ, ಬೆಕ್ಕಿನ ಬೆನ್ನಿಗೆ ಮರಿ ಅಂಟಿಕೊಂಡ ಹಾಗೆ. ಫೋಟೋ ತೆಗೆದು ಪೀಣ್ಯದ ಗೆಳೆಯರ ಗ್ರೂಪಿಗೆ ಹಾಕಿದೆ. ಎಲ್ಲರೂ ಬೆಂಕಿ ಚಿಹ್ನೆ ಒತ್ತಿದರು.

ತಾನಿಗುಚಿ-ಸಾನ್ ಬಂದರು. ಪರದೆಯ ಹತ್ತಿರ ಮೇಜಿನ ಮೇಲೆ ಬಂದೂಕು, ಪಕ್ಕದಲ್ಲಿ ಹೊರಿಯೆ-ಸಾನ್ ಕಪಾಟಿನಿಂದ ತೆಗೆದಿಟ್ಟ ಬೋಲ್ಟಿನ ಚೀಲ. ಅವರು ಕಣ್ಣಿಟ್ಟು ನೋಡಿ "ಓಓಓ" ಅಂದರು. "ಎದುರು ಬೆಟ್ಟದ ಕಾಕಿ ಹಣ್ಣಿನ ಮರದಲ್ಲಿ ಕಾಗೆ ಕೂತಿದೆ!" ನನಗೆ ರೆಕ್ಕೆ ಬಂದಿತ್ತು. ಆಮೇಲೆ ಸಣ್ಣ ಚೀಲದಿಂದ ಬೋಲ್ಟ್ ತೆಗೆದು, ಬಂದೂಕಿನೊಳಗೆ ಸೇರಿಸಿ, ಹಿಡಿಯನ್ನು ಮೇಲಕ್ಕೆತ್ತಿದರು.

ಟಕ್.

ಇನ್ನೊಮ್ಮೆ ಎತ್ತಿದರು. ಟಕ್. ಬೋಲ್ಟಿನ ಹಿಡಿ ಅರ್ಧಕ್ಕೆ ಬಂದು ನನ್ನ ಚಂದದ ಸ್ಕೋಪಿನ ಹೊಟ್ಟೆಗೆ ಹೊಡೆದು ನಿಂತಿತು. ಅದಕ್ಕಿಂತ ಮೇಲೆ ಏಳುವುದಿಲ್ಲ. ಏಳದಿದ್ದರೆ ಬೋಲ್ಟ್ ತೆರೆಯುವುದಿಲ್ಲ, ತೆರೆಯದಿದ್ದರೆ ಗುಂಡು ಒಳಗೆ ಹೋಗುವುದಿಲ್ಲ. ಅಂದರೆ ನಾನು ಮಾಡಿದ್ದು ಒಂದು ಒಳ್ಳೆಯ ಕಾಗೆ ನೋಡುವ ದುರ್ಬೀನು.

"ಹಂದೀನ ಚೆನ್ನಾಗಿ ನೋಡಬಹುದು," ಅಂದರು ತಾನಿಗುಚಿ-ಸಾನ್. "ಹೊಡೆಯೋಕೆ ಆಗಲ್ಲ. ನೋಡಿ ನಮಸ್ಕಾರ ಮಾಡಿ ಬರ್ತೀನಿ."

ಈಗಿನ ಬೇಟೆ ರೈಫಲುಗಳಲ್ಲಿ ಬೋಲ್ಟಿನ ಹಿಡಿ ಕೆಳಕ್ಕೆ ಬಾಗಿರುತ್ತದೆ, ಎತ್ತಿದರೂ ಸ್ಕೋಪಿಗೆ ತಾಗುವುದಿಲ್ಲ. ಸೈನ್ಯದ ಹಳೆಯದರಲ್ಲಿ ಅದು ನೆಟ್ಟಗೆ ಚಾಚಿಕೊಂಡಿರುತ್ತದೆ. ಬೇಟೆಗೆ ಕಾಲಿಟ್ಟ ಮೊದಲ ದಿನವೇ ಯಾರಿಗಾದರೂ ಗೊತ್ತಾಗುವ ವಿಷಯ ಇದು. ಒಮ್ಮೆ ಎತ್ತಿದ್ದರೆ ಸಾಕಿತ್ತು. ನಾನು ಎತ್ತಿಯೇ ಇರಲಿಲ್ಲ! ಬೋಲ್ಟ್ ಇನ್ನೊಂದು ಕಪಾಟಿನಲ್ಲಿತ್ತು. ನಾನು ಬೋಲ್ಟಿಲ್ಲದ ಬಂದೂಕಿಗೆ ಅಳತೆ ತೆಗೆದಿದ್ದೆ.

ಹೊರಿಯೆ-ಸಾನ್ ಒಳಗಿಂದ ಓಡಿ ಬಂದರು. ಒಮ್ಮೆ ಬಂದೂಕು, ಒಮ್ಮೆ ನನ್ನ ಮುಖ. "ಐವತ್ತು ವರ್ಷ ಅನುಭವ ನನಗೆ," ಅಂದರು. "ಒಂದು ದಿನವೂ ಇದನ್ನ ಮರೆತಿರಲಿಲ್ಲ. ಮೂರು ಮಾರು ದೂರದಿಂದ ನೋಡಿದ್ದಕ್ಕೆ ಮರೆತೆ. ಸತೀಶ್-ಕುನ್, ಮೊಳೆ ತಗೋ. ಇಬ್ಬರ ಹೆಸರೂ ಬರಿ."

ಬರೆದು ನೇತು ಹಾಕಿದೆ: "ಬೋಲ್ಟ್ ಇಲ್ಲದೆ ಅಳೆದೆವು." ಪೀಣ್ಯದ ಗ್ರೂಪಿಗೂ ತಿಳಿಸಿದೆ. ಅದಕ್ಕೆ ಬೆಂಕಿ ಚಿಹ್ನೆ ಇನ್ನೂ ಜಾಸ್ತಿ ಬಂದವು.

ಇಲ್ಲಿ ತಪ್ಪಾದರೆ ಸುಮ್ಮನೆ ಸಾರಿ ಅಂದರೆ ಮುಗಿಯುವುದಿಲ್ಲ. ಸಿಹಿತಿಂಡಿಯ ಡಬ್ಬಿ ಕಟ್ಟಿಸಿಕೊಂಡು, ಕೋಟು ಹಾಕಿಕೊಂಡು ಗಿರಾಕಿಯ ಮನೆಗೇ ಹೋಗಿ ತಲೆ ಬಾಗಿಸಬೇಕು. ಕೊರೋನಾ ಇದೆ ಅಂತ ಅದಕ್ಕೇನೂ ರಿಯಾಯಿತಿ ಇಲ್ಲ. ಭಾನುವಾರ ಹೊರಿಯೆ-ಸಾನ್, ನಾನು ಬೆಟ್ಟ ಹತ್ತಿದೆವು. ತಾನಿಗುಚಿ-ಸಾನ್ ಅಂಗಳದ ಆ ತುದಿಯಲ್ಲಿ, ನಾವು ಗೇಟಿನ ಈ ತುದಿಯಲ್ಲಿ. ನಡುವೆ ಒಂದು ಮೂಲಂಗಿ ಮಡಿ. ಅಲ್ಲಿಂದಲೇ ಇಬ್ಬರೂ ಸೊಂಟ ಮುರಿದು ಬಾಗಿದೆವು. ಡಬ್ಬಿಯನ್ನು ಗೇಟಿನ ಕಂಬದ ಮೇಲಿಟ್ಟು ಹತ್ತು ಹೆಜ್ಜೆ ಹಿಂದೆ ಬಂದೆವು. ಅವರು ಬಂದು ತೆಗೆದುಕೊಂಡು ಹತ್ತು ಹೆಜ್ಜೆ ಹಿಂದೆ ಹೋಗಿ ಬಿಚ್ಚಿದರು. ಒಂದು ತುಂಡು ಬಾಯಿಗಿಟ್ಟು, "ಚೆಸ್ಟ್‌ನಟ್ ಸಿಹಿ! ಇನ್ನೊಂದು ತಪ್ಪು ಮಾಡಿ ಪರವಾಗಿಲ್ಲ," ಅಂತ ಕೂಗಿದರು.

ಆಮೇಲೆ ಮುಖ ಗಂಭೀರವಾಯಿತು. "ಆದ್ರೆ ಹೊರಿಯೆ-ಸಾನ್, ಪರೀಕ್ಷೆ ಒಳಗೆ ಆಗುತ್ತಾ? ಸುಳ್ಳು ಹೇಳಬೇಡಿ. ಆಗಲ್ಲ ಅಂದ್ರೆ ಈಗಲೇ ಕೊಟ್ಟುಬಿಡ್ತೀನಿ. ಫೇಲಾಗಿ ಕಿತ್ಕೊಳ್ಳೋದಕ್ಕಿಂತ ನಾನೇ ಕೊಡೋದು ಮರ್ಯಾದೆ."

ಹೊರಿಯೆ-ಸಾನ್ ಉತ್ತರಿಸುವ ಮೊದಲು ನಾನು ಬಾಯಿ ಹಾಕಿದೆ. "ಆಗುತ್ತೆ ತಾನಿಗುಚಿ-ಸಾನ್. ನಾನು ಮಾಡ್ತೀನಿ." ಕಾರಿನಲ್ಲಿ ವಾಪಸ್ಸು ಬರುವಾಗ ಹೊರಿಯೆ-ಸಾನ್ ಕೇಳಿದರು, "ಹೇಗೆ ಮಾಡ್ತೀಯಾ?" ನಾನು ಗೊತ್ತಿಲ್ಲ ಅಂದೆ. ಆ ಹುಬ್ಬುಗಳು ಕನ್ನಡಕ ದಾಟಿ ಮೇಲೆ ಹೋದವು.

ಬೋಲ್ಟಿನ ಹಿಡಿಯನ್ನು ಕಾಯಿಸಿ ಬಗ್ಗಿಸಬಹುದಿತ್ತು, ಆದರೆ ಅಜ್ಜಿಯ ಕೈಗೆ ಬೆಂಕಿ ತೋರಿಸಲು ತಾನಿಗುಚಿ-ಸಾನ್ ಒಪ್ಪಲಿಲ್ಲ. ಉಳಿದದ್ದು ಒಂದೇ ದಾರಿ, ಮೌಂಟನ್ನು ಎತ್ತರಿಸುವುದು. ಈ ಸಲ ಹೊರಿಯೆ-ಸಾನ್ ಎರಡು ಮಾಸ್ಕ್ ಹಾಕಿಕೊಂಡು ಹತ್ತಿರವೇ ನಿಂತು, ಬೋಲ್ಟನ್ನು ನೂರು ಸಲ ಎತ್ತಿ ಇಳಿಸಿದರು. ನಾನು ಎಲ್ಲ ಕಡೆಯಿಂದ ಅಳೆದೆ. ಅವರು ತಮ್ಮ ಜೇಬಿನಿಂದ ಐದು ವಿಸಿಟಿಂಗ್ ಕಾರ್ಡ್ ತೆಗೆದು ಜೋಡಿಸಿ ಕೊಟ್ಟರು. "ಹಿಡಿ ಎತ್ತಿದಾಗ ಸ್ಕೋಪಿಗೂ ಹಿಡಿಗೂ ನಡುವೆ ಈ ಐದು ಕಾರ್ಡ್ ಓಡಾಡಬೇಕು. ನಾಲ್ಕೇ ಓಡಾಡಿದ್ರೆ ಮತ್ತೆ ಮೊಳೆ." ಹೊಸ ಮೌಂಟಿನಲ್ಲಿ ಐದು ಕಾರ್ಡೂ ಬೆಣ್ಣೆಯ ಹಾಗೆ ಜಾರಿದವು.

ಆದರೆ ಸ್ಕೋಪ್ ಮೇಲೆ ಹೋದರೆ ಕಣ್ಣೂ ಮೇಲೆ ಹೋಗಬೇಕು, ಕಣ್ಣು ಮೇಲೆ ಹೋದರೆ ಕೆನ್ನೆ ಬಂದೂಕಿನ ಮರದಿಂದ ಏಳುತ್ತದೆ. ಕೆನ್ನೆ ಊರದೆ ಗುರಿ ನಿಲ್ಲುವುದಿಲ್ಲ. ಮರಕ್ಕೆ ಹೊರಗಿನಿಂದ ಕಟ್ಟುವ ಒಂದು ಮೆತ್ತೆ ಬೇಕಿತ್ತು. ವಿದೇಶದಿಂದ ತರಿಸೋಣವೆಂದರೆ ಪಾರ್ಸೆಲ್ ನಿಂತುಹೋಗಿತ್ತು. ಸ್ಪಂಜು ಕಟ್ಟಿ ನೋಡಿದೆವು, ಕುಸಿಯುತ್ತದೆ. ತೊಗಲು ಕಟ್ಟಿದೆವು, ಜಾರುತ್ತದೆ.

ಮನೆಗೆ ಬಂದು ಶೈಲಾಗೆ ಹೇಳಿದೆ. ಅವಳು ಧಾರವಾಡದವಳು. ಊರಿಗೆ ಹೋಗಲಾಗದೆ, ಬೇಜಾರಿಗೆ ಅವರಮ್ಮನ ಹಳೆಯ ಇಳಕಲ್ ಸೀರೆಗಳನ್ನು ಪದರ ಹಾಕಿ ಕೌದಿ ಹೊಲಿಯುತ್ತ ಕೂತಿದ್ದಳು.

"ಅಲ್ರೀ, ಬಂದೂಕಿಗೆ ಕೌದಿ ಹೊಲಿ ಅಂತೀರಲ್ಲ, ತಲಿ ಗಿಲಿ ಕೆಟ್ಟೈತೇನ್ ನಿಮಗ?"

"ಬಂದೂಕಿಗಲ್ಲ ಕಣೆ, ಒಬ್ಬ ಅಜ್ಜನ ಕೆನ್ನೆಗೆ."

"ಅಜ್ಜನ ಕೆನ್ನಿಗಾದ್ರ ಹೊಲೀತೀನಿ. ಅಳತಿ ಕೊಡ್ರಿ. ಈ ಸಲರ ಸರಿ ಅಳದೀರೋ ಇಲ್ಲೋ?"

ಕಟ್ಟಿಕೊಂಡವಳ ಬಾಯಿಂದಲೂ ಮೊಳೆ! ಹತ್ತು ಪದರ ಹತ್ತಿಬಟ್ಟೆ, ಸಾಲು ಸಾಲು ಒತ್ತೊತ್ತಾದ ಹೊಲಿಗೆ, ಕಟ್ಟಲು ಲಾಡಿ. ಕೌದಿಯ ಗಟ್ಟಿತನ ಗೊತ್ತಲ್ಲ, ಕುಸಿಯುವುದೂ ಇಲ್ಲ, ಜಾರುವುದೂ ಇಲ್ಲ. ಯುರೋಪಿನ ಸೈನ್ಯದ ಬಂದೂಕು, ಜಪಾನಿನ ಸ್ಕೋಪು, ಪೀಣ್ಯದ ಮೌಂಟು, ಇಳಕಲ್ ಸೆರಗಿನ ಕೆಂಪು. ತಾನಿಗುಚಿ-ಸಾನ್ ಕೆನ್ನೆ ಇಟ್ಟವರು ಒಂದು ನಿಮಿಷ ತೆಗೆಯಲೇ ಇಲ್ಲ. "ನಿದ್ದೆ ಬರ್ತಿದೆ," ಅಂದರು.

ಮೊದಲೇ ಆರ್ಡರ್ ಮಾಡಿದ್ದ ಹೊಸ ಟ್ರಿಗರ್ ಬಂದದ್ದು ಬೇಸಿಗೆ ಮುಗಿದ ಮೇಲೆ, ಹಡಗಿನಲ್ಲಿ. ನಮ್ಮ ಕಡೆ ಹಳೇ ಬಂದೂಕಿನವರು ಅದನ್ನು ಕುದುರೆ ಅನ್ನುತ್ತಾರೆ. ಹೊಸ ಕುದುರೆ ನಿಜಕ್ಕೂ ಕುದುರೆಯೇ. ತಾನಿಗುಚಿ-ಸಾನ್ ಕೇಳಿದ್ದು, "ಮನಸಲ್ಲಿ ಅಂದ್ಕೊಂಡ್ರೆ ಸಾಕು, ಹಾರಬೇಕು." ನಾನೂ ಅವರ ಪರ ವಕಾಲತ್ತು ಮಾಡಿದೆ. ಪಾಪ, ಬೆರಳು ಊದಿದೆ, ಪರೀಕ್ಷೆ ಹತ್ತಿರ ಬಂದಿದೆ, ಆದಷ್ಟು ಹಗುರ ಮಾಡೋಣ ಅಂತ. ಹೊರಿಯೆ-ಸಾನ್ ಕೇಳಿದಷ್ಟೇ ಹಗುರ ಮಾಡಿ ಕೂರಿಸಿದರು. ಆಮೇಲೆ ಖಾಲಿ ಬಂದೂಕನ್ನು ಸಜ್ಜು ಮಾಡಿ, ನಮ್ಮಿಬ್ಬರನ್ನೂ ಕರೆದು, ರಬ್ಬರ್ ಸುತ್ತಿಗೆಯಿಂದ ಮರದ ಹಿಂಬದಿಗೆ ಒಂದು ಏಟು ಕೊಟ್ಟರು. ಟ್ರಿಗರನ್ನು ಯಾರೂ ಮುಟ್ಟಿಲ್ಲ, ಒಳಗೆ ಕ್ಲಿಕ್ ಅಂತು. ಗುಂಡಿದ್ದರೆ ಹಾರಿರುತ್ತಿತ್ತು.

"ಬೆಟ್ಟದಲ್ಲಿ ಕಾಲು ಜಾರಿದ್ರೆ ಬೀಳೋದು ರಬ್ಬರಿನ ಮೇಲಲ್ಲ, ಕಲ್ಲಿನ ಮೇಲೆ," ಅಂದರು ಹೊರಿಯೆ-ಸಾನ್. "ಮುಂದೆ ನಾಯಿ ಇರುತ್ತೆ. ನಾಯಿ ಮುಂದೆ ಗೆಳೆಯ ಇರ್ತಾನೆ. ತಾನಿಗುಚಿ-ಸಾನ್, ನೀವು ಬೆರಳು ಗಟ್ಟಿ ಮಾಡ್ಕೊಳ್ಳಿ. ನಾನು ಟ್ರಿಗರ್ ಹಗುರ ಮಾಡಲ್ಲ."

ಹೊಸಬರೇ, ಈ ಒಂದು ಸಾಲು ಬರೆದಿಟ್ಟುಕೊಳ್ಳಿ. ಗಿರಾಕಿ ಕೇಳಿದ್ದನ್ನು ಕೊಡುವವನು ಅಂಗಡಿಯವನು. ಬೇಡ ಅನ್ನಬಲ್ಲವನು ಕಸುಬುದಾರ. ಹೊರಿಯೆ-ಸಾನ್ ಟ್ರಿಗರನ್ನು ಬಿಗಿ ಮಾಡಿ, ಎಷ್ಟು ಹೊಡೆದರೂ ಅಲುಗದ ಹಾಗೆ ನಿಲ್ಲಿಸಿದರು. ಹಳೆಯದಕ್ಕಿಂತ ಹಗುರ, ಮುದುಕರ ಆಸೆಗಿಂತ ಭಾರ. ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯೊಂದನ್ನು ಮುದುಕರ ಕೈಗಿಟ್ಟು, "ದಿನಾ ಬೆಳಿಗ್ಗೆ ಬೆರಳಲ್ಲಿ ಎಳೀರಿ, ಈ ಗೆರೆ ಮುಟ್ಟೋವರೆಗೂ," ಅಂದರು. ಮುದುಕರು ಅದನ್ನು ಅಡುಗೆಮನೆಯ ಬಾಗಿಲಿಗೆ ಕಟ್ಟಿ ಎಳೆದರಂತೆ. ಚಹಾ ಕುಡಿಯುತ್ತ ಎಡಗೈ, ರೇಡಿಯೊ ಕೇಳುತ್ತ ಬಲಗೈ.

ಪರೀಕ್ಷೆ ಎರಡು ಸಲ ಮುಂದೆ ಹೋಯಿತು. ಕೊನೆಗೆ ಚಳಿಗಾಲದ ಒಂದು ಬೆಳಿಗ್ಗೆ, ಬೆಟ್ಟದ ಮಡಿಲಿನ, ಗುಂಡು ಹಾರಿಸುವ ರೇಂಜಿನಲ್ಲಿ. ತಂತಿ ಬಲೆಯ ಹಿಂದೆ ಬೆಂಚಿನ ಮೇಲೆ ನಾನು, ಹೊರಿಯೆ-ಸಾನ್. ಕಿವಿಗೆ ಮಫ್, ಮುಖಕ್ಕೆ ಮಾಸ್ಕ್. ಗುರಿಗಾರರಿಗೂ ಮಾಸ್ಕ್ ಕಡ್ಡಾಯ. ತಾನಿಗುಚಿ-ಸಾನ್ ಮಲಗಿ, ಕೌದಿಗೆ ಕೆನ್ನೆ ಇಟ್ಟರು. ಬೋಲ್ಟ್ ಎತ್ತಿದರು. ಟಕ್ ಅನ್ನಲಿಲ್ಲ. ಮೊದಲ ಗುಂಡು ಹಾರಿತು. ಹೊರಿಯೆ-ಸಾನ್ ದುರ್ಬೀನಿನಲ್ಲಿ ನೋಡಿ ತಲೆ ಅಲ್ಲಾಡಿಸಿದರು. ಹೊರಗೆ. ಎರಡನೆಯದು, ಅಂಚಿಗೆ. ಮೂರನೆಯದು ಹೊರಗೆ.

ನನ್ನ ಮೌಂಟು ಸಡಿಲವಾಗಿದೆ! ಖಂಡಿತ ಅದೇ! ನಾನು ಎದ್ದು ನಿಂತುಬಿಟ್ಟೆ. ಹೊರಿಯೆ-ಸಾನ್ ನನ್ನ ಜಾಕೆಟ್ ಹಿಡಿದು ಕೂರಿಸಿದರು.

ಅಷ್ಟರಲ್ಲಿ ಮುದುಕರು ಬಂದೂಕು ಕೆಳಗಿಟ್ಟು ಕೈ ಎತ್ತಿದರು. "ಸುಮಿಮಾಸೆನ್, ಕ್ಷಮಿಸಿ!" ಪರೀಕ್ಷಕರು ಬಗ್ಗಿದರು. "ಮಂಜು."

"ಬಿಸಿಲಿದೆಯಲ್ಲ," ಅಂದರು ಪರೀಕ್ಷಕರು.

"ಬೆಟ್ಟದಲ್ಲಲ್ಲ, ಸ್ಕೋಪಲ್ಲಿ."

ಮಾಸ್ಕಿನೊಳಗಿನ ಬಿಸಿ ಉಸಿರು ಮೂಗಿನ ಸಂದಿಯಿಂದ ಮೇಲೆ ನುಗ್ಗಿ, ತಣ್ಣಗಿನ ಗಾಜಿಗೆ ಕೂತು, ಒಳಗೆಲ್ಲ ಹಾಲು ಹಾಲು. ಬೋಲ್ಟ್, ಮೌಂಟು, ಕೌದಿ, ಕುದುರೆ ಎಲ್ಲ ಲೆಕ್ಕ ಹಾಕಿದ್ದೆವು. ಉಸಿರು ಲೆಕ್ಕಕ್ಕೆ ಬಂದಿರಲಿಲ್ಲ! ಮಾಸ್ಕ್ ತೆಗೆಯಲು ಪರೀಕ್ಷಕರು ಬಿಡುವುದಿಲ್ಲ, ಆ ಬೆಳಿಗ್ಗೆ ಮತ್ತೊಂದು ಅವಕಾಶವಿಲ್ಲ.

ತಾನಿಗುಚಿ-ಸಾನ್ ಎದ್ದು ಕೂತರು. ಅಂಗಿಯ ತೋಳು ಮೇಲಕ್ಕೆ ಮಡಚಿದರು. ಮೊಣಕೈಗೆ ಒಂದು ದೊಡ್ಡ ನೋವಿನ ಪಟ್ಟಿ ಅಂಟಿಸಿಕೊಂಡಿದ್ದರು, ಇಲ್ಲಿನ ಮುದುಕರೆಲ್ಲ ಅಂಟಿಸಿಕೊಳ್ಳುವ ಕರ್ಪೂರದ ವಾಸನೆಯದ್ದು. ಅದನ್ನು ಪರ್ ಎಂದು ಕಿತ್ತು, ಮಾಸ್ಕಿನ ಮೇಲಂಚಿಗೆ, ಮೂಗಿನ ಅಡ್ಡಕ್ಕೆ, ಈ ಕೆನ್ನೆಯಿಂದ ಆ ಕೆನ್ನೆವರೆಗೆ ಬಿಗಿಯಾಗಿ ಅಂಟಿಸಿದರು. ಕಣ್ಣಲ್ಲಿ ಬಳಬಳ ನೀರು. ಪರೀಕ್ಷಕರು ಏನೋ ಹೇಳಲು ಹೋಗಿ, ನಿಯಮದಲ್ಲಿ ಅದರ ಬಗ್ಗೆ ಏನೂ ಇಲ್ಲದ್ದರಿಂದ ಸುಮ್ಮನಾದರು. ಮುದುಕರು ತೋಳಲ್ಲಿ ಕಣ್ಣೊರೆಸಿಕೊಂಡು, ಗಾಜೊರೆಸಿ, ಮತ್ತೆ ಮಲಗಿದರು.

ನಾಲ್ಕನೆಯ ಗುಂಡು. ಹೊರಿಯೆ-ಸಾನ್ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. ಎಡಗೈ ಬಂದು ನನ್ನ ಮೊಣಕಾಲಿಗೆ ಫಟ್ ಎಂದು ಹೊಡೆಯಿತು. ಐದನೆಯದು, ಫಟ್. ಆರನೆಯದು, ಫಟ್. ಆಮೇಲೆ ಎಣಿಸುವುದು ಬಿಟ್ಟೆ, ಮೊಣಕಾಲು ಎರಡು ದಿನ ನೋಯುತ್ತಿತ್ತು. ಪಾಸು! ನಾವು ಚಪ್ಪಾಳೆ ಹೊಡೆಯುವಂತಿರಲಿಲ್ಲ, ಕೂಗುವಂತಿರಲಿಲ್ಲ. ಇಬ್ಬರೂ ಬೆಂಚಿನ ಮೇಲೆ ಕೂತಲ್ಲೇ ಕಾಲಲ್ಲಿ ನೆಲ ತುಳಿದೆವು, ಐದು ವರ್ಷದ ಮಕ್ಕಳ ಹಾಗೆ.

ಹೊರಗೆ ಬಂದಾಗ ಇನ್ನೊಬ್ಬ ಬೇಟೆಗಾರ ಕೌದಿ ಮುಟ್ಟಿ ನೋಡಿ, "ಇದೆಲ್ಲಿ ಸಿಗುತ್ತೆ?" ಅಂತ ಕೇಳಿದ.

"ಎಲ್ಲೂ ಸಿಗಲ್ಲ," ಅಂದರು ತಾನಿಗುಚಿ-ಸಾನ್, ಪಟ್ಟಿಯ ಹಿಂದಿನಿಂದ, ಇನ್ನೂ ಕಣ್ಣೀರು ಸುರಿಸುತ್ತ. "ಇಂಡಿಯಾದ ಒಬ್ಬ ಅತ್ತೆ ಉಟ್ಟು, ಮಗಳು ಹೊಲಿದು, ಅಳಿಯ ಒಂದ್ಸಲ ಅಳತೆ ತಪ್ಪಬೇಕು. ಆಗ ಸಿಗುತ್ತೆ."

ಮೂರು ವರ್ಷ ಅಜ್ಜಿ ಅವರ ಜೊತೆ ಬೆಟ್ಟ ಹತ್ತಿದಳು. ಮುಂದಿನ ನವೀಕರಣದ ಹೊತ್ತಿಗೆ ತಾನಿಗುಚಿ-ಸಾನ್‌ಗೆ ಎಂಬತ್ತೊಂದು. ಮಾಸ್ಕಿಲ್ಲದ ಮುಖ ನಾನು ಮೊದಲ ಸಲ ಸರಿಯಾಗಿ ನೋಡಿದ್ದು ಅವತ್ತೇ. ಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳಿಗೆ ರೈಫಲಿನ ಪರವಾನಗಿ ಸಿಕ್ಕಿತ್ತು, ಹಂದಿಗಳ ಜವಾಬ್ದಾರಿ ಅವಳಿಗೆ ವಹಿಸಿ ಬಂದಿದ್ದರು. ಉದ್ದ ಚೀಲ ಮೇಜಿನ ಮೇಲಿಟ್ಟು, "ಅಜ್ಜಿ, ನಾನು ಇಬ್ಬರೂ ಕೂತು ಮಾತಾಡಿ ನಿರ್ಧಾರ ಮಾಡಿದೀವಿ," ಅಂದರು. ಯಾರೂ ಕಿತ್ತುಕೊಳ್ಳಲಿಲ್ಲ. ಅವರೇ ಕೊಟ್ಟರು. ಕೌದಿಯನ್ನು ಮಾತ್ರ ಬಿಚ್ಚಿ ಮಡಚಿ ಜೇಬಿಗಿಟ್ಟುಕೊಂಡರು.

ಅದು ಅಂಗಡಿಯ ಕೊನೆಯ ವರ್ಷ. ಹೊರಿಯೆ-ಸಾನ್ ತಲೆ ಬಾಗಿಸಿ, "ಇಷ್ಟು ದಿನ ದುಡಿದೆ," ಅಂದು ಗರಗಸ ಇಟ್ಟರು. ಮೊದಲ ಕಡಿತ ಮುಗಿಯಿತು. ನಳಿಗೆ ಬೇರೆಯಾಗಿ ಬಿತ್ತು. ಎರಡನೆಯ ಕಡಿತಕ್ಕೆ ಮೊದಲು ಅವರು ಗರಗಸ ಆಫ್ ಮಾಡಿದರು. ಉಳಿದದ್ದನ್ನು, ಮರ, ಬೋಲ್ಟ್, ನನ್ನ ಮೌಂಟು, ಸ್ಕೋಪ್ ಸಮೇತ, ಎರಡು ಕೈಯಲ್ಲಿ ಎತ್ತಿ, ಹಳದಿ ಗೆರೆಯ ಮೇಲಿಂದ ನನ್ನ ಕಡೆ ಚಾಚಿದರು.

"ಸತೀಶ್-ಕುನ್, ಇನ್ನು ಇದರಿಂದ ಏನೂ ಹಾರಲ್ಲ. ಒಂದು ನಿಮಿಷ."

ಎತ್ತಿ ಹಿಡಿದೆ. ಅಂದುಕೊಂಡದ್ದಕ್ಕಿಂತ ಭಾರ. ಒಂಬತ್ತು ವರ್ಷ ಅಳತೆ ಮಾತ್ರ ಗೊತ್ತಿತ್ತು, ತೂಕ ಗೊತ್ತಿರಲಿಲ್ಲ. ಬೋಲ್ಟಿನ ಹಿಡಿಗೆ ಕೈ ಹಾಕಿದೆ. ಮುದುಕರ ಬೆರಳು ಸವೆಸಿ ಸವೆಸಿ ಅದು ನುಣ್ಣಗಾಗಿತ್ತು. ಉಸಿರು ಹಿಡಿದು ಮೇಲಕ್ಕೆತ್ತಿದೆ.

ತಾಗಲಿಲ್ಲ.

ಇನ್ನೊಮ್ಮೆ ಎತ್ತಿದೆ. ತಾಗಲಿಲ್ಲ. ತಾನಿಗುಚಿ-ಸಾನ್ ಪಕ್ಕದಿಂದ, "ನಿಧಾನ ಕಣಪ್ಪಾ, ಅಜ್ಜಿಗೆ ಭುಜ ನೋವು," ಅಂದರು.

ಈಗ ಆ ಎತ್ತರದ ಮೌಂಟು ನನ್ನ ಮೇಜಿನ ಮೇಲಿದೆ. ಪಕ್ಕದ ಗೋಡೆಗೆ ಒಂದು ಮೊಳೆ, ಅದರಲ್ಲಿ ಚೀಟಿ ಸಮೇತ ಆ ತಗ್ಗಿನ ಚಂದದ ಮೌಂಟು. ಫ್ಯಾನ್ ಹಾಕಿದರೆ ಟಿಂಗ್ ಅನ್ನುತ್ತದೆ.

ಕೆಲಸಕ್ಕೆ ಸೇರುತ್ತಿರುವವರೇ, ಸೇರಿ ತಲೆ ನರೆತವರೇ, ನಿಮ್ಮ ಮೊಳೆಯಲ್ಲಿ ಏನು ನೇತಾಡುತ್ತಿದೆ? ಕೈಯಲ್ಲಿ ಹಿಡಿಯದ, ಓಡಿಸದ, ಉಡದ, ತಿನ್ನದ ಯಾವ ವಸ್ತುವಿಗೆ ನೀವು ಅಳತೆ ತೆಗೆದು ಕೆಟ್ಟಿರಿ? ಕೆಳಗೆ ಬರೆಯಿರಿ. ಪ್ರಮೋಷನ್ ಕಥೆ ಬೇಡ. ತಪ್ಪು ಬರೆಯಿರಿ, ಫೋಟೋ ಇದ್ದರೆ ಹಾಕಿ, ಜೊತೆಗೆ ಯಾವ ಸಿಹಿ ಹಿಡಿದುಕೊಂಡು ಯಾರ ಗೇಟಿಗೆ ಹೋದಿರಿ ಅನ್ನುವುದನ್ನೂ ಹೇಳಿ. ಒಂದೂ ಬಿಡದೆ ಓದುತ್ತೇನೆ.